ರಾತ್ರಿ 12.40ರ ಉತ್ತರ ಯಾವ ದಿನದ್ದು? ನಿದ್ದೆ-ಮೂಡ್ ಮಾಡೆಲ್ ಕೊನೆಗೂ ಕೂತ ಕಥೆ

ನಿದ್ದೆ ಕೆಟ್ಟಿದ್ದಕ್ಕೆ ಮನಸ್ಸು ಕುಗ್ಗುತ್ತದೋ, ಮನಸ್ಸು ಕುಗ್ಗಿದ್ದಕ್ಕೆ ನಿದ್ದೆ ಕೆಡುತ್ತದೋ? ಇದನ್ನು ನೋಡಲು ಸುಮಾರು 60 ಕಾಲೇಜು ಮಕ್ಕಳಿಗೆ 42 ದಿನ, ದಿನಾ ಮಲಗುವ ಮುಂಚೆ ನಾಲ್ಕು ಪ್ರಶ್ನೆ (ಹಿಂದಿನ ರಾತ್ರಿಯ ನಿದ್ದೆ, ಆ ದಿನದ ಮೂಡು ಹೇಗಿತ್ತು ಅಂತ) ಕಳಿಸಿದೆ. "ಶುರುವಿಗೊಮ್ಮೆ, ಕೊನೆಗೊಮ್ಮೆ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ತುಂಬಿಸಿ ಟಿ-ಟೆಸ್ಟ್ (ಎರಡು ಸರಾಸರಿಗಳ ಹೋಲಿಕೆ) ಹಾಕು, ಸಾಕು" ಅಂದವರೇ ಜಾಸ್ತಿ.

ಮೊದಲು ವಾರದ ಸರಾಸರಿ ತೆಗೆದು, ಆರ್ ಎಂಬ ಅಂಕಿಅಂಶ ತಂತ್ರಾಂಶದ ಪ್ಯಾಕೇಜ್ ಲಾವಾನ್‌ನಲ್ಲಿ ಮಾಮೂಲಿ ಕ್ರಾಸ್-ಲ್ಯಾಗ್ಡ್ ಮಾಡೆಲ್ (ಈ ವಾರದ ನಿದ್ದೆ ಮುಂದಿನ ವಾರದ ಮೂಡನ್ನು, ಈ ವಾರದ ಮೂಡು ಮುಂದಿನ ವಾರದ ನಿದ್ದೆಯನ್ನು ಎಷ್ಟು ಹೇಳುತ್ತದೆ ಅಂತ ನೋಡುವ ಲೆಕ್ಕ) ಓಡಿಸಿದೆ. ಆ ಸಂಬಂಧ ತೋರಿಸುವ ಬಾಣಗಳೆಲ್ಲ ಗಟ್ಟಿಯಾಗಿ ಬಂದವು. ಆದರೆ ಯಾವಾಗಲೂ ಕಮ್ಮಿ ನಿದ್ದೆ ಮಾಡುವವರು ಯಾವಾಗಲೂ ಸಪ್ಪಗೇ ಇರುತ್ತಾರೆ, ಅಲ್ವಾ? ಆ ವ್ಯತ್ಯಾಸವೂ ಬಾಣದೊಳಗೆ ಸೇರಿತ್ತು. ಸಂಶೋಧನಾ ವಿಧಾನಗಳ ತಜ್ಞೆ ಹಾಮಾಕರ್ ಮತ್ತು ಜೊತೆಗಾರರು 2015ರಲ್ಲೇ ಹೇಳಿದ್ದು ಇದನ್ನೇ. ರ‍್ಯಾಂಡಮ್ ಇಂಟರ್ಸೆಪ್ಟ್ (ಒಬ್ಬೊಬ್ಬರ ಖಾಯಂ ಮಟ್ಟವನ್ನು ಬೇರೆ ಇಡುವುದು) ಸೇರಿಸಿದ ಕೂಡಲೇ ಬಾಣಗಳು ಅರ್ಧಕ್ಕರ್ಧ ಇಳಿದವು.

ವಾರದ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬಂದೆ. ಇಂಥ ಮಾಡೆಲ್ ಓಡಿಸುವ ತಂತ್ರಾಂಶ ಎಂಪ್ಲಸ್ ಲೈಸೆನ್ಸಿಗೆ ದುಡ್ಡಿರಲಿಲ್ಲ. ಇದ್ದದ್ದು ಮಕ್ಕಳ ರೀಚಾರ್ಜಿಗೇ ಹೋಗಿತ್ತು, ತಲೆಗೆ 200 ರೂಪಾಯಿಯಂತೆ 12 ಸಾವಿರ. ಹಾಗಾಗಿ ಪುಕ್ಕಟೆ ಸಿಗುವ ಆರ್‌ನಲ್ಲಿ ಬಿಆರ್‌ಎಂಎಸ್ ಅನ್ನುವ ಪ್ಯಾಕೇಜ್. ಹಳೇ ಲ್ಯಾಪ್‌ಟಾಪಿನಲ್ಲಿ ಒಂದೊಂದು ಮಾಡೆಲ್‌ಗೆ ಒಂದು ರಾತ್ರಿ. ಆದರೂ ನಿದ್ದೆಗೂ ಮೂಡಿಗೂ ಎರಡೂ ಕಡೆ ಒಂದೇ ತೂಕದ ಬಾಣ. ಎರಡು ತಿಂಗಳು ಪ್ರಯರ್ (ಮಾಡೆಲ್‌ಗೆ ಮೊದಲೇ ಕೊಡುವ ಅಂದಾಜು) ಬದಲಿಸುತ್ತಾ ಕೂತೆ.

ತಪ್ಪು ಸಿಕ್ಕಿದ್ದು ಒಬ್ಬಳ ಸಾಲುಗಳನ್ನು ಕಣ್ಣಾರೆ ಓದಿದಾಗ. ಸೋಮವಾರ ಖಾಲಿ. ಮಂಗಳವಾರ ಎರಡು ಉತ್ತರ: ಒಂದು ರಾತ್ರಿ 12.40ಕ್ಕೆ, ಇನ್ನೊಂದು ಅದೇ ದಿನ ರಾತ್ರಿ ಹತ್ತಕ್ಕೆ. ಮೊದಲನೆಯದು ನಿಜಕ್ಕೂ ಸೋಮವಾರದ್ದು. ನನ್ನ ಕೋಡ್ ಎರಡರ ಸರಾಸರಿ ತೆಗೆದಿತ್ತು. ಸೋಮವಾರದ ಮೂಡು, ಆಮೇಲಿನ ನಿದ್ದೆ, ಎರಡೂ ಒಂದೇ ಸಾಲಿಗೆ! ಯಾವುದು ಮೊದಲು ಅಂತ ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು? ಹೀಗೆ ಕೆಟ್ಟ ಸಾಲು ಆರರಲ್ಲಿ ಒಂದಾದರೂ ಇತ್ತು. ದಿನವನ್ನು ಬೆಳಗಿನ ಜಾವ 4ಕ್ಕೆ ಮುರಿದೆ. ಅಂದೇ ರಾತ್ರಿ ಮಾಡೆಲ್ ಕೂತಿತು.

ಪ್ರಶ್ನೆ ಕಳಿಸುತ್ತಿದ್ದ ದಿನಗಳ ನಡುವೆ ಒಂದು ಪ್ರಯೋಗ: ಉತ್ತರದ ಐದು ಬಟನ್ ತೆಗೆದು 0ರಿಂದ 100ರ ಸ್ಲೈಡರ್ ಇಟ್ಟೆ. ಎಷ್ಟೋ ಜನ 50ರಿಂದ ಕದಲಿಸಲೇ ಇಲ್ಲ. ಸ್ಲೈಡರಿನ ಗುಂಡಿಯೇ ಮೊದಲು ಕಾಣದಂತೆ, ಮುಟ್ಟಿದ ಮೇಲೆ ಮೂಡುವಂತೆ ಮಾಡಿದ ಮೇಲೆ ಸರಿಹೋಯಿತು. ಉತ್ತರದ ಪ್ರಮಾಣ ಕೊನೆವರೆಗೂ ಶೇ. 80ರ ಆಸುಪಾಸು ನಿಂತಿತು. ಅದಕ್ಕೆ ಕಾರಣವಾದ ನೆನಪೋಲೆಯ ಒಕ್ಕಣೆ ಸದ್ಯ ನನ್ನ ಹತ್ತಿರವೇ ಇರಲಿ.

ಸರಾಸರಿಯಲ್ಲಿ ನಿದ್ದೆಯಿಂದ ಮೂಡಿಗೆ ಸಣ್ಣ ಬಾಣ, ವಾಪಸ್ ಹೆಚ್ಚುಕಮ್ಮಿ ಏನೂ ಇಲ್ಲ. ನನಗೆ ಖುಷಿ ಕೊಟ್ಟಿದ್ದು ರ‍್ಯಾಂಡಮ್ ಸ್ಲೋಪ್, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ತೂಕದ ಬಾಣ. ಹತ್ತು-ಹನ್ನೆರಡು ಮಕ್ಕಳಿಗೆ ಒಂದು ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಪೂರ್ತಿ ಕುಸಿತ. ಉಳಿದವರಿಗೆ ಅಷ್ಟೇನಿಲ್ಲ. ಟಿ-ಟೆಸ್ಟ್ ಹಾಕಿದ್ದರೆ ಈ ಹತ್ತು-ಹನ್ನೆರಡು ಮಕ್ಕಳು ನನಗೆ ಕಾಣುತ್ತಲೇ ಇರಲಿಲ್ಲ.