ದ್ರವ ನೈಟ್ರೋಜನ್ ಪಂಪಿನಲ್ಲಿ ಕ್ಯಾವಿಟೇಶನ್ ಪರೀಕ್ಷೆ ನಡೆಸುವ ಕ್ರಮ

ಹೀರುವ ಬದಿಯಲ್ಲಿ ದ್ರವದ ಒತ್ತಡ ಅದರ ಆವಿ ಒತ್ತಡಕ್ಕಿಂತ, ಅಂದರೆ ಆ ಉಷ್ಣತೆಯಲ್ಲಿ ದ್ರವ ಕುದಿಯತೊಡಗುವ ಒತ್ತಡಕ್ಕಿಂತ, ಕೆಳಗಿಳಿದು ಪಂಪಿನೊಳಗೆ ಆವಿಯ ಗುಳ್ಳೆಗಳು ಹುಟ್ಟುವುದೇ ಕ್ಯಾವಿಟೇಶನ್. ನೀರಿನ ಪಂಪನ್ನು ಕ್ಯಾವಿಟೇಶನ್ ಪರೀಕ್ಷೆಗೆ ಒಡ್ಡುವವರು ಉಷ್ಣತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಅಗತ್ಯವೂ ಇರುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಆವಿ ಒತ್ತಡ ಸುಮಾರು 3.2 ಕಿಲೋಪಾಸ್ಕಲ್ ಇದ್ದು, ಉಷ್ಣತೆಯನ್ನು ಓದುವಲ್ಲಿ ಒಂದು ಡಿಗ್ರಿ ತಪ್ಪಿದರೂ ಎನ್‌ಪಿಎಸ್‌ಎಚ್ (ಪಂಪಿನ ಬಾಯಿಯಲ್ಲಿ ದ್ರವದ ಒತ್ತಡ ಆವಿ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು, ಹರಿವಿನ ವೇಗದ ಪಾಲನ್ನೂ ಸೇರಿಸಿ, ದ್ರವದ ಎತ್ತರವಾಗಿ ಹೇಳುವ ಅಳತೆ) ಲೆಕ್ಕದಲ್ಲಿ ಆಗುವ ವ್ಯತ್ಯಾಸ ಎರಡು ಸೆಂಟಿಮೀಟರ್‌ ಮಾತ್ರ. ದ್ರವ ನೈಟ್ರೋಜನ್‌ನ ಸಂಗತಿ ಹಾಗಲ್ಲ. ಅದರ ಕುದಿಬಿಂದುವಿನ ಆಸುಪಾಸಿನಲ್ಲಿ, ಅಂದರೆ 77.4 ಕೆಲ್ವಿನ್ ಬಳಿ, ಉಷ್ಣತೆ ಒಂದು ಕೆಲ್ವಿನ್ ಏರಿದರೆ ಆವಿ ಒತ್ತಡ ಸುಮಾರು 12 ಕಿಲೋಪಾಸ್ಕಲ್ ಏರುತ್ತದೆ. ಅದು ಒಂದೂವರೆ ಮೀಟರ್ ದ್ರವದ ಎತ್ತರಕ್ಕೆ ಸಮ. ದ್ರವ ಹೈಡ್ರೋಜನ್‌ನಲ್ಲಾದರೆ ಇದೇ ಒಂದು ಕೆಲ್ವಿನ್ 40 ಮೀಟರ್‌ಗಿಂತ ಹೆಚ್ಚಿನ ವ್ಯತ್ಯಾಸ ತರುತ್ತದೆ. ಆದ್ದರಿಂದ ಅತಿಶೀತ ಪಂಪಿನ ಕ್ಯಾವಿಟೇಶನ್ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಶ್ರಮ ಉಷ್ಣತೆಯನ್ನು ನಂಬಿಕೆಗೆ ಅರ್ಹವಾಗಿ ಅಳೆಯುವುದಕ್ಕೇ ಸಲ್ಲಬೇಕು.

ಇಲ್ಲಿ ವಿವರಿಸುವುದು ಇಂಡ್ಯೂಸರ್ (ಮುಖ್ಯ ಚಕ್ರದ ಮುಂದೆ ಕೂತು ದ್ರವದ ಒತ್ತಡವನ್ನು ಸ್ವಲ್ಪ ಏರಿಸುವ ಸುರುಳಿ ಅಲಗಿನ ಚಕ್ರ) ಇರುವ ಸಣ್ಣ ಸೆಂಟ್ರಿಫ್ಯೂಗಲ್ ಪಂಪಿನ ಪರೀಕ್ಷೆಯನ್ನು. ನೈಟ್ರೋಜನ್ ಉರಿಯುವುದಿಲ್ಲ, ಉರಿಸುವುದೂ ಇಲ್ಲ. ಹಾಗಾಗಿ ಆಕ್ಸಿಜನ್ ಅಥವಾ ಹೈಡ್ರೋಜನ್‌ಗಾಗಿ ವಿನ್ಯಾಸಗೊಳಿಸಿದ ಪಂಪುಗಳನ್ನೂ ಮೊದಲು ಇದರಲ್ಲೇ ಓಡಿಸಿ ನೋಡುವ ರೂಢಿಯಿದೆ.

ನಿರ್ವಾತ ಕವಚದ ಟ್ಯಾಂಕನ್ನು ಪಂಪಿಗಿಂತ ಎತ್ತರದಲ್ಲಿ ಇರಿಸಬೇಕು. ಹೀರುವ ಕೊಳವೆ ಆದಷ್ಟು ಮೊಟಕಾಗಿ, ಪಂಪಿನ ಕಡೆಗೆ ಎಡೆಬಿಡದೆ ಇಳಿಜಾರಾಗಿ ಇರಬೇಕು. ನಡುವೆ ಒಂದು ಉಬ್ಬು ಇದ್ದರೂ ಅಲ್ಲಿ ಆವಿ ಸೇರಿಕೊಳ್ಳುತ್ತದೆ. ಪಂಪಿನಿಂದ ಹೊರಬಂದ ದ್ರವವನ್ನು ಅದೇ ಟ್ಯಾಂಕಿಗೆ ಹಿಂತಿರುಗಿಸುವ ಬದಲು ಎರಡನೆಯ ಟ್ಯಾಂಕಿಗೆ ಹಾಯಿಸುವುದು ಮೇಲು, ಏಕೆಂದರೆ ಪಂಪಿನಲ್ಲಿ ಬಿಸಿಯಾದ ದ್ರವ ಮರಳಿ ಬಂದು ಬೆರೆತರೆ ಪರೀಕ್ಷೆ ನಡೆಯುತ್ತಿರುವಾಗಲೇ ಉಷ್ಣತೆ ಏರುತ್ತಾ ಹೋಗುತ್ತದೆ. ಟ್ಯಾಂಕಿನ ಮೇಲೆ ಒತ್ತಡ ಹೇರಲು ಹೀಲಿಯಂ ಬಳಸುವುದು ಉತ್ತಮ. ನೈಟ್ರೋಜನ್ ಅನಿಲವನ್ನೇ ಬಳಸಿದರೆ ಅದು ಮೇಲ್ಪದರದಲ್ಲಿ ದ್ರವವಾಗಿ ಆ ಪದರವನ್ನು ಬಿಸಿ ಮಾಡುತ್ತದೆ. ಟ್ಯಾಂಕು ಬರಿದಾಗುತ್ತಾ ಬಂದಾಗ ಆ ಬಿಸಿ ಪದರವೇ ಪಂಪಿನ ಬಾಯಿಗೆ ಬಂದು, ಯಾರ ಗಮನಕ್ಕೂ ಬಾರದೆ ಎನ್‌ಪಿಎಸ್‌ಎಚ್ ಕುಸಿಯುತ್ತದೆ. ಯಾವ ಅನಿಲ ಬಳಸಿದರೂ ಟ್ಯಾಂಕಿನ ಕೊನೆಯ ಕಾಲು ಭಾಗದಲ್ಲಿ ಸಿಕ್ಕ ಅಂಕಿಗಳನ್ನು ಸಂಶಯದಿಂದಲೇ ನೋಡಬೇಕು.

ಉಷ್ಣತಾ ಸೆನ್ಸರ್ ಕೊಳವೆಯ ಹೊರಗೋಡೆಗೆ ಅಂಟಿಕೊಂಡಿರದೆ, ಹೀರುವ ಬಾಯಿಯ ಸಮೀಪ ಹರಿವಿನ ನಡುವೆ ಮುಳುಗಿರಬೇಕು. ನಾಲ್ಕು ತಂತಿಯ ಪ್ಲಾಟಿನಂ ಸೆನ್ಸರ್ ಈ ಕೆಲಸಕ್ಕೆ ಸಾಕು. ಅದನ್ನು ಸ್ಥಳದಲ್ಲೇ ಪರಿಶೀಲಿಸಲು ವಾತಾವರಣಕ್ಕೆ ತೆರೆದ ಪಾತ್ರೆಯಲ್ಲಿ ಮೆಲ್ಲಗೆ ಕುದಿಯುತ್ತಿರುವ ದ್ರವ ನೈಟ್ರೋಜನ್‌ನ ಮೇಲ್ಮೈಗೆ ಹತ್ತಿರ ಸೆನ್ಸರನ್ನು ಮುಳುಗಿಸಿ, ಆ ಹೊತ್ತಿನ ಬ್ಯಾರೊಮೀಟರ್ ಒತ್ತಡಕ್ಕೆ ತಕ್ಕ ಕುದಿಬಿಂದುವಿನೊಂದಿಗೆ ಹೋಲಿಸಬೇಕು. ಪುಸ್ತಕದಲ್ಲಿ ಕಾಣುವ 77.4 ಕೆಲ್ವಿನ್ ಸಮುದ್ರಮಟ್ಟದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸಿನಲ್ಲಿರುವುದರಿಂದ ನೈಟ್ರೋಜನ್ ಅಲ್ಲಿ ಸುಮಾರು 76.5 ಕೆಲ್ವಿನ್‌ನಲ್ಲೇ ಕುದಿಯುತ್ತದೆ. ಇದನ್ನು ಮರೆತು 77.4ಕ್ಕೆ ಹೊಂದಿಸಿದರೆ ಮೊದಲ ಅಂಕಿ ಬರೆಯುವ ಮುನ್ನವೇ ಒಂದು ಮೀಟರ್‌ಗೂ ಹೆಚ್ಚಿನ ದೋಷ ಒಳಗೆ ಸೇರಿರುತ್ತದೆ. ಒತ್ತಡದ ಮಾಪಕಗಳ ವಿಷಯದಲ್ಲೂ ವಾತಾವರಣದ ಒತ್ತಡದಿಂದ ಎಣಿಸುವ ಗೇಜ್ ಒತ್ತಡ ಯಾವುದು, ಪೂರ್ಣ ಶೂನ್ಯದಿಂದ ಎಣಿಸುವ ನಿರಪೇಕ್ಷ ಒತ್ತಡ ಯಾವುದು ಎಂಬುದನ್ನು ದಾಖಲೆಯ ಮೊದಲ ಸಾಲಿನಲ್ಲೇ ಬರೆದಿಡುವುದು ಒಳ್ಳೆಯದು.

ದ್ರವವನ್ನು ಬಿಡುವ ಮೊದಲು ಸುರಕ್ಷತೆಯ ಏರ್ಪಾಡು ಮುಗಿದಿರಬೇಕು. ದ್ರವ ನೈಟ್ರೋಜನ್ ಕೋಣೆಯ ಉಷ್ಣತೆಗೆ ಬರುವಾಗ ಸುಮಾರು 700 ಪಟ್ಟು ಹಿಗ್ಗುವುದರಿಂದ ಎರಡು ವಾಲ್ವ್‌ಗಳ ನಡುವೆ ದ್ರವ ಸಿಕ್ಕಿಕೊಳ್ಳಬಹುದಾದ ಪ್ರತಿಯೊಂದು ಕಡೆಯೂ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇರಲೇಬೇಕು. ಕೋಣೆಯ ಆಕ್ಸಿಜನ್ ಪ್ರಮಾಣ ಶೇ. 19.5ಕ್ಕಿಂತ ಇಳಿದರೆ ಅಲಾರಂ ಮೊಳಗಬೇಕು. ಬಳಿಕ ಒಣ ನೈಟ್ರೋಜನ್ ಅನಿಲದಿಂದ ತೇವವನ್ನು ಹೊರದೂಡಿ, ಪಂಪನ್ನು ನಿಧಾನವಾಗಿ ತಣ್ಣಗಾಗಿಸಬೇಕು. ಹೊರಬಿಡುವ ಕೊಳವೆಯಿಂದ ಅನಿಲದ ಬದಲು ದ್ರವ ಒಂದೇ ಸಮನೆ ಬರತೊಡಗಿ, ಹೀರುವ ಬದಿಯ ಉಷ್ಣತೆ ಕದಲದೆ ನಿಂತ ಮೇಲೆಯೇ ಮೋಟಾರನ್ನು ಚಾಲೂ ಮಾಡಬೇಕು. ಇಲ್ಲಿ ಅವಸರ ಮಾಡಿದರೆ ಬೇರಿಂಗ್ ಮತ್ತು ಸೀಲು ಅದರ ಬೆಲೆ ತೆರುತ್ತವೆ.

ಪರೀಕ್ಷೆಯ ತಿರುಳು ಇಷ್ಟು: ವೇಗ ಮತ್ತು ಹರಿವನ್ನು ಸ್ಥಿರವಾಗಿಟ್ಟು, ಟ್ಯಾಂಕಿನ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತಾ ಪಂಪಿನ ಹೆಡ್ (ಪಂಪು ದ್ರವಕ್ಕೆ ಕೊಡುವ ಒತ್ತಡದ ಏರಿಕೆಯನ್ನು ದ್ರವದ ಎತ್ತರವಾಗಿ ಅಳೆದದ್ದು) ಎಲ್ಲಿ ಕುಸಿಯುತ್ತದೆ ಎಂದು ಗುರುತಿಸುವುದು. ಕ್ಯಾವಿಟೇಶನ್ ಇಲ್ಲದ ಸ್ಥಿತಿಯ ಹೆಡ್‌ಗಿಂತ ಶೇ. 3ರಷ್ಟು ಕಡಿಮೆಯಾದ ಬಿಂದುವನ್ನು ಎನ್‌ಪಿಎಸ್‌ಎಚ್3 ಎಂದು ದಾಖಲಿಸುವುದು ಐಎಸ್‌ಒ 9906 ಮಾನದಂಡದ ಪದ್ಧತಿ. ಆರಂಭದಲ್ಲಿ ದೊಡ್ಡ ಹೆಜ್ಜೆ ಸಾಕು. ಹೆಡ್ ಅಲುಗಾಡತೊಡಗಿದ ಮೇಲೆ ಹೆಜ್ಜೆ ಚಿಕ್ಕದಾಗಬೇಕು. ಹೆಡ್ ಇಳಿದಂತೆ ಹರಿವೂ ಇಳಿಯುವುದರಿಂದ ಪ್ರತಿ ಹಂತದಲ್ಲೂ ಹೊರಬದಿಯ ವಾಲ್ವನ್ನು ಸ್ವಲ್ಪ ತೆರೆದು ಹರಿವನ್ನು ಮೊದಲಿನಷ್ಟಕ್ಕೇ ತರಬೇಕು. ಹೀರುವ ಬದಿಯ ವಾಲ್ವನ್ನು ಮುಚ್ಚಿ ಒತ್ತಡ ಇಳಿಸುವುದು ಸುಲಭವೆಂದು ತೋರಿದರೂ ಮಾಡಬಾರದು. ಆ ವಾಲ್ವಿನಲ್ಲೇ ಗುಳ್ಳೆಗಳು ಹುಟ್ಟಿ, ಪಂಪಿಗೆ ದ್ರವದ ಬದಲು ಮಿಶ್ರಣ ಹೋಗುತ್ತದೆ.

ಒಂದು ಅಂಕಿಯನ್ನು ಬಿಡಿಸಿ ನೋಡೋಣ. ಹೀರುವ ಬದಿಯಲ್ಲಿ ನಿರಪೇಕ್ಷ ಒತ್ತಡ 165 ಕಿಲೋಪಾಸ್ಕಲ್, ಉಷ್ಣತೆ 80 ಕೆಲ್ವಿನ್, ಹರಿವಿನ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳಿ. 80 ಕೆಲ್ವಿನ್‌ನಲ್ಲಿ ಆವಿ ಒತ್ತಡ 137 ಕಿಲೋಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 794 ಕಿಲೋಗ್ರಾಂ. ಉಳಿದ 28 ಕಿಲೋಪಾಸ್ಕಲ್ ಎಂದರೆ 3.6 ಮೀಟರ್, ವೇಗದ ಹೆಡ್ 0.2 ಮೀಟರ್ ಸೇರಿ ಎನ್‌ಪಿಎಸ್‌ಎಚ್ 3.8 ಮೀಟರ್ ಆಯಿತು. ನಿಜವಾದ ಉಷ್ಣತೆ 80.2 ಕೆಲ್ವಿನ್ ಆಗಿದ್ದರೆ ಉತ್ತರ 3.4 ಮೀಟರ್‌ಗೆ ಇಳಿಯುತ್ತದೆ. ಶೇ. 3ರ ಕುಸಿತವನ್ನು ಹುಡುಕುವ ಪರೀಕ್ಷೆಯಲ್ಲಿ ಶೇ. 10ರಷ್ಟು ತಪ್ಪು ಇಷ್ಟು ಸುಲಭವಾಗಿ ನುಸುಳುತ್ತದೆ.

ಇದೇ ಪರೀಕ್ಷೆಯನ್ನು 85 ಕೆಲ್ವಿನ್‌ನಲ್ಲಿ ಮತ್ತೊಮ್ಮೆ ನಡೆಸಿದರೆ, ಅಂದರೆ ಆವಿ ಒತ್ತಡ 229 ಕಿಲೋಪಾಸ್ಕಲ್ ಇರುವಲ್ಲಿ, ಪಂಪು ಸಾಮಾನ್ಯವಾಗಿ ಇನ್ನೂ ಕಡಿಮೆ ಎನ್‌ಪಿಎಸ್‌ಎಚ್‌ನಲ್ಲೂ ತಾಳಿಕೊಳ್ಳುತ್ತದೆ. ಗುಳ್ಳೆಯಾಗಲು ಬೇಕಾದ ಶಾಖವನ್ನು ಸುತ್ತಲಿನ ದ್ರವವೇ ಕೊಡುವುದರಿಂದ ಆ ದ್ರವ ತಣ್ಣಗಾಗಿ, ಅಲ್ಲಿನ ಆವಿ ಒತ್ತಡ ಇಳಿದು, ಗುಳ್ಳೆಯ ಬೆಳವಣಿಗೆ ತಡೆಯಲ್ಪಡುತ್ತದೆ. ಬೆಚ್ಚಗಿನ ದ್ರವದಲ್ಲಿ ಆವಿ ಹೆಚ್ಚು ಸಾಂದ್ರವಾಗಿರುವುದರಿಂದ ಈ ಪರಿಣಾಮ ಎದ್ದು ಕಾಣುತ್ತದೆ. ಎರಡು ಉಷ್ಣತೆಗಳ ವಕ್ರರೇಖೆಗಳನ್ನು ಒಂದರ ಮೇಲೊಂದು ಬರೆದು ನೋಡುವುದೇ ಇದನ್ನು ಅಳೆಯುವ ನೇರ ದಾರಿ. ಅದೇ ಪಂಪನ್ನು ನೀರಿನಲ್ಲಿ ಪರೀಕ್ಷಿಸಿ ಪಡೆದ ಎನ್‌ಪಿಎಸ್‌ಎಚ್3 ಅಂಕಿ ಅತಿಶೀತ ದ್ರವಕ್ಕೆ ನಿಜವಾಗಿ ಬೇಕಾದದ್ದಕ್ಕಿಂತ ಹೆಚ್ಚೇ ಇದ್ದು ಸುರಕ್ಷಿತ ಬದಿಗೆ ಇರುತ್ತದೆ ಎಂಬ ಮಾತು ಹೆಡ್ ಕುಸಿತದ ಮಟ್ಟಿಗೆ ನಿಜ. ಕಂಪನದ ಮಟ್ಟಿಗೆ ಅದನ್ನು ನೆಚ್ಚಿಕೊಳ್ಳಬಾರದು.

ಆದ್ದರಿಂದ ಪಂಪಿನ ಕವಚದ ಮೇಲೆ ಕಂಪನ ಮಾಪಕವನ್ನೂ ಇಂಡ್ಯೂಸರ್ ಬಳಿ ವೇಗವಾಗಿ ಸ್ಪಂದಿಸುವ ಒತ್ತಡದ ಸೆನ್ಸರನ್ನೂ ಕೂರಿಸಬೇಕು. ಶಾಫ್ಟಿನ ಆವರ್ತನಕ್ಕಿಂತ ತುಸು ಮೇಲೆ, ಸುಮಾರು 1.1ರಿಂದ 1.3 ಪಟ್ಟಿನಲ್ಲಿ, ಒಂದು ಶಿಖರ ತಲೆಯೆತ್ತಿದರೆ ಸುತ್ತುವ ಕ್ಯಾವಿಟೇಶನ್ (ಗುಳ್ಳೆಗಳ ಗುಂಪು ಒಂದು ಅಲಗಿನಿಂದ ಇನ್ನೊಂದಕ್ಕೆ ಸುತ್ತುತ್ತಾ ಸಾಗುವುದು) ಇರಬಹುದೆಂದು ತಿಳಿಯಬೇಕು. ಹೆಡ್ ಇನ್ನೂ ಒಂದಿಷ್ಟೂ ಇಳಿಯದಿರುವಾಗಲೂ ಅದು ಕಾಣಿಸಿಕೊಳ್ಳಬಲ್ಲದು. 1999ರ ನವೆಂಬರ್ 15ರಂದು ಜಪಾನಿನ ಎಚ್-2 ರಾಕೆಟ್ ವಿಫಲವಾದಾಗ, ಒಗಸವಾರ ದ್ವೀಪಗಳ ಬಳಿ ಸುಮಾರು 3,000 ಮೀಟರ್ ಆಳದಿಂದ ಎಲ್‌ಇ-7 ಎಂಜಿನನ್ನು ಮೇಲೆತ್ತಿ ಪರಿಶೀಲಿಸಲಾಯಿತು. ಹೈಡ್ರೋಜನ್ ಪಂಪಿನ ಇಂಡ್ಯೂಸರ್ ಅಲಗು ಕ್ಯಾವಿಟೇಶನ್‌ಗೆ ಸಂಬಂಧಿಸಿದ ಕಂಪನದಿಂದ ದಣಿದು ಮುರಿದಿತ್ತು. ವರದಿಯಲ್ಲಿ ಎನ್‌ಪಿಎಸ್‌ಎಚ್3 ಅಂಕಿಯೊಂದನ್ನೇ ಕೊಟ್ಟು ಕಂಪನದ ನಕ್ಷೆಯನ್ನು ಬಿಟ್ಟುಬಿಡುವುದು ಅರೆಬರೆ ಕೆಲಸ ಎನ್ನುವುದು ಇದಕ್ಕಾಗಿಯೇ.

ಪರೀಕ್ಷೆ ಮುಗಿದ ಮೇಲೆ ಒತ್ತಡವನ್ನು ಹಂತಹಂತವಾಗಿ ಏರಿಸುತ್ತಾ ಕೆಲವು ಬಿಂದುಗಳನ್ನು ಮತ್ತೆ ಓದಿ, ಇಳಿಯುವಾಗಿನ ಅಂಕಿಗಳೊಂದಿಗೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಉಷ್ಣತೆಯನ್ನು. ಪಂಪನ್ನು ತಣ್ಣಗಿರುವಾಗ ಬಿಚ್ಚಬಾರದು. ಒಣ ಅನಿಲವನ್ನು ಹಾಯಿಸುತ್ತಾ ಕೋಣೆಯ ಉಷ್ಣತೆಗೆ ತಂದ ಮೇಲೆಯೇ ತೆರೆಯಬೇಕು, ಇಲ್ಲವಾದರೆ ಗಾಳಿಯ ತೇವ ಬೇರಿಂಗಿನಲ್ಲಿ ಮಂಜಾಗಿ ಕುಳಿತು ಮುಂದಿನ ಓಟವನ್ನು ಕೆಡಿಸುತ್ತದೆ.