ನಿಕೋಲಸ್ ಪಾಲ್ ರಿಸಲ್ಟ್ ಓದೋದು ಹೇಗೆ? ಮೆಡಲ್ ಲಿಸ್ಟ್ ಒಂದೇ ನೋಡ್ಬೇಡಿ

ಟ್ರಿನಿಡಾಡ್ ಅಂದ್ರೆ ಲಾರಾ, ಪೊಲಾರ್ಡ್ ಅಷ್ಟೇ ಗೊತ್ತಿರೋರು ಒಂದ್ಸಲ ನಿಕೋಲಸ್ ಪಾಲ್ ಅಂತಾನೂ ಹುಡುಕಿ ನೋಡಿ. ಗ್ಯಾಸ್ಪರಿಲೋ ಕಡೆ ಹುಡ್ಗ, 1998ರಲ್ಲಿ ಹುಟ್ಟಿದ್ದು, ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಸ್ಪ್ರಿಂಟರ್. ಆದ್ರೆ ಪ್ರೊಫೈಲ್ ತೆಗೆದ ತಕ್ಷಣ ಒಲಿಂಪಿಕ್ಸ್ ಮೆಡಲ್ ಹುಡುಕೋಕೆ ಹೋದ್ರೆ ಏನೂ ಸಿಗಲ್ಲ, ಪೇಜ್ ಮುಚ್ಚಿ ಹೋಗ್ಬಿಡ್ತೀರ.

ಮೊದ್ಲು ಟೈಮಿಂಗ್ ನೋಡಿ, ಜೊತೆಗೇ ಅದು ಯಾವ ಊರಲ್ಲಿ ಅಂತಾನೂ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ಬೊಲಿವಿಯಾದ ಕೊಚಬಾಂಬಾದಲ್ಲಿ ಫ್ಲೈಯಿಂಗ್ 200 ಮೀಟರ್ 9.100 ಸೆಕೆಂಡ್, ಅಂದ್ರೆ ಗಂಟೆಗೆ ಸುಮಾರು 79 ಕಿಲೋಮೀಟರ್, ಅದೂ ಬ್ರೇಕೇ ಇಲ್ಲದ ಸೈಕಲ್ ಮೇಲೆ. ಫ್ಲೈಯಿಂಗ್ ಅಂದ್ರೆ ನಿಂತಲ್ಲಿಂದ ಸ್ಟಾರ್ಟ್ ಇಲ್ಲ, ಮೊದ್ಲು ಸುತ್ತು ಹಾಕಿ ವೇಗ ಕಟ್ಟಿ, ಟ್ರ್ಯಾಕಿನ ಇಳಿಜಾರಲ್ಲಿ ಮೇಲಿಂದ ಕೆಳಕ್ಕೆ ಧುಮುಕಿ ಬರ್ತಾರೆ, ಕೊನೇ 200 ಮೀಟರಿಗೆ ಮಾತ್ರ ಗಡಿಯಾರ. ಹಳೇ ವಿಶ್ವ ದಾಖಲೆ ಫ್ರಾನ್ಸಿನ ಪೆರ್ವಿಸ್‌ದು 9.347, ಅದನ್ನ ಒಂದೇ ಏಟಿಗೆ ಹತ್ರಹತ್ರ ಕಾಲು ಸೆಕೆಂಡ್ ಇಳಿಸಿದ್ದು ತಮಾಷೆ ಅಲ್ಲ. ಹಾಗಂತ ಕೊಚಬಾಂಬಾ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ತಡೆ ಕಮ್ಮಿ. 2024ರಲ್ಲಿ ನೆದರ್ಲೆಂಡ್ಸಿನ ಲಾವ್ರೇಸೆನ್ ಪ್ಯಾರಿಸ್ ಒಲಿಂಪಿಕ್ಸಲ್ಲಿ 9.088 ಮಾಡಿದ್ದು ಇಂಥ ಎತ್ತರದ ಸಹಾಯ ಇಲ್ದೆ, ಆದ್ರಿಂದ ನನ್ ಲೆಕ್ಕದಲ್ಲಿ ಅದು ಇನ್ನೂ ದೊಡ್ಡದು.

ಆಮೇಲೆ ಇವೆಂಟ್ ಯಾವ್ದು ನೋಡಿ. ಇಲ್ಲೇ ಜಾಸ್ತಿ ಜನ ಕನ್ಫ್ಯೂಸ್ ಆಗೋದು. ಆ 200 ಮೀಟರ್ ಬರೀ ಕ್ವಾಲಿಫೈಯಿಂಗ್, ಅದಕ್ಕೆ ಮೆಡಲ್ ಕೊಡಲ್ಲ! ನಿಜವಾದ ಸ್ಪ್ರಿಂಟ್ ಇಬ್ಬರ ಮಧ್ಯೆ, ಮೂರರಲ್ಲಿ ಎರಡು ಗೆದ್ದೋನು ಮುಂದೆ, ಅಲ್ಲಿ ಕಾಲಿನಷ್ಟೇ ತಲೇನೂ ಓಡ್ಬೇಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಪಾಲ್ ಕೈರಿನ್‌ನಲ್ಲಿ (ಮೋಟರ್‌ಬೈಕ್ ಹಿಂದೆ ಶುರುವಾಗೋ ಗುಂಪಿನ ರೇಸ್) ಗೋಲ್ಡ್ ಹೊಡೆದ, ಸ್ಪ್ರಿಂಟ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ರಿಚರ್ಡ್ಸನ್‌ಗೆ ಸೋತು ಸಿಲ್ವರ್. ಆ ರಿಚರ್ಡ್ಸನ್ನೇ ಆಮೇಲೆ ಬ್ರಿಟನ್ ಸೇರ್ಕೊಂಡು 2025ರಲ್ಲಿ ಟರ್ಕಿಯ ಕೊನ್ಯಾದಲ್ಲಿ ಫ್ಲೈಯಿಂಗ್ 200 ಮೀಟರ್ 8.857 ಮಾಡಿದ್ದು, ಅಂಥೋನಿಗೆ ಸೋತ ಸಿಲ್ವರ್ ಅಂತ ಓದ್ಕೊಳ್ಳಿ.

ಟೀಮ್ ರಿಸಲ್ಟ್‌ನ ಬೇರೆಯಾಗೇ ಇಟ್ಕೊಳ್ಳಿ. ಲಿಮಾ 2019 ಪ್ಯಾನ್ ಅಮೆರಿಕನ್ ಗೇಮ್ಸ್‌ನಲ್ಲಿ ಟ್ರಿನಿಡಾಡ್ ಟೀಮ್ ಸ್ಪ್ರಿಂಟ್ ಗೆದ್ದಿತ್ತು, ತಂಡದ ಇನ್ನೊಬ್ಬರ ಡೋಪಿಂಗ್ ಕೇಸಿಂದ ಆ ಗೋಲ್ಡ್ ಹೋಯ್ತು, ಪಾಲ್‌ನ ಸ್ಪ್ರಿಂಟ್ ಗೋಲ್ಡ್ ಮಾತ್ರ ಉಳೀತು. ಹಳೇ ಲಿಸ್ಟ್‌ಗಳಲ್ಲಿ ಎರಡೂ ಕಾಣ್ಬೋದು, ಹುಷಾರು.

ಹೋಲಿಸೋದಿದ್ರೆ ಅದೇ ದ್ವೀಪದೋರ ಜೊತೆ ಹೋಲಿಸಿ: 1967ರಲ್ಲಿ ವಿನಿಪೆಗ್ ಪ್ಯಾನ್ ಆಮ್‌ನಲ್ಲಿ ಡಬಲ್ ಗೋಲ್ಡ್ ತಂದ ರೋಜರ್ ಗಿಬ್ಬನ್, 1991ರ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಬ್ರಾಂಜ್ ಗೆದ್ದ ಜೀನ್ ಸ್ಯಾಮ್ಯುಯೆಲ್, ಲಂಡನ್ 2012ರಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತ ನಿಜಿಸಾನೆ ಫಿಲಿಪ್. ಈಗ ಟ್ರಿನಿಡಾಡಿನ ಕೂವಾದಲ್ಲಿ ಒಳಾಂಗಣ ವೆಲೋಡ್ರೋಮ್ (ಸೈಕ್ಲಿಂಗ್ ಟ್ರ್ಯಾಕ್) ಇದೆ, ಮುಂಚೆ ಅದೂ ಇರ್ಲಿಲ್ಲ. ಪಾಲ್ ಕೂಡ ಸ್ವಿಟ್ಜರ್ಲೆಂಡಿನ ಎಗ್ಲ್‌ನಲ್ಲಿರೋ ಯುಸಿಐ (ವಿಶ್ವ ಸೈಕ್ಲಿಂಗ್ ಸಂಸ್ಥೆ) ಸೆಂಟರಿಗೆ ಹೋಗಿ ಟ್ರೈನಿಂಗ್ ತಗೊಂಡೋನೇ.

ಲೈವ್ ನೋಡೋದಿದ್ರೆ ಕೈರಿನಿಂದ ಶುರು ಮಾಡಿ. ಆರು ಸುತ್ತು, ಮೊದಲ ಮೂರು ಸುತ್ತು ಮುಂದೆ ಮೋಟರ್‌ಬೈಕ್ ಹೋಗತ್ತೆ, ಅದು ಟ್ರ್ಯಾಕ್ ಬಿಟ್ಟ ಕ್ಷಣ ಪಾಲ್ ಎಷ್ಟನೇ ಜಾಗದಲ್ಲಿದಾನೆ ಅನ್ನೋದರ ಮೇಲೆ ಕಣ್ಣಿಡಿ.