ಮತ್ತೆ ಆಯ: ನನ್ನ ಕ್ಷೌರದಂಗಡಿಯ ವರ್ಷದ ಚೀಟಿ

ವರ್ಷಕ್ಕೊಮ್ಮೆ ಹಣ ಪಡೆದು ವರ್ಷವಿಡೀ ಕ್ಷೌರ ಮಾಡುವ ನನ್ನ ಚೀಟಿ ಪದ್ಧತಿಯನ್ನು ತಾಲ್ಲೂಕು ಕ್ಷೌರಿಕರ ಸಂಘದ ಸಭೆಯಲ್ಲಿ ವಿವರಿಸಿದಾಗ ನಮ್ಮವರೆಲ್ಲ ನಕ್ಕಿದ್ದರು. ಅವರಲ್ಲೇ ಕೆಲವರು ಈಗ ಮಂಗಳವಾರದ ರಜೆಯಲ್ಲಿ ಬೈಕ್ ಹತ್ತಿ ಬಂದು ನನ್ನ ಲೆಕ್ಕದ ಪುಸ್ತಕ ತಿರುವಿ ಹಾಕುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಬಾಯಿ ಒಣಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕತ್ತರಿ ಹಿಡಿಯುವುದು ಹೇಗೆ, ಯಾವ ಟ್ರಿಮ್ಮರ್ ಬಾಳಿಕೆ ಬರುತ್ತದೆ ಎಂಬುದನ್ನು ಇಲ್ಲಿ ಹುಡುಕಬೇಡಿ.

ತಿಪಟೂರು ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನನ್ನದು ಮೂರು ಕುರ್ಚಿಯ ಅಂಗಡಿ. ನಾನು ಮತ್ತು ಇಬ್ಬರು ಹುಡುಗರು. ಬಾಡಿಗೆ ಆರು ಸಾವಿರ ಚಿಲ್ಲರೆ. ಕಟಿಂಗ್‌ಗೆ 100, ಮಕ್ಕಳಿಗೆ 70, ಶೇವಿಂಗ್‌ಗೆ 50. ಭಾನುವಾರ ಬೆಳಿಗ್ಗೆ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬುಧವಾರ, ಗುರುವಾರ ಗಿರಾಕಿಯ ಕುರ್ಚಿಯಲ್ಲಿ ನಾವೇ ಕುಳಿತು ಆಕಳಿಸುತ್ತಿದ್ದೆವು. ಅಮಾವಾಸ್ಯೆ ಆಗದು, ಶುಕ್ರವಾರ ಆಗದು, ಹೆಂಡತಿ ಬಸುರಿಯಾದರೆ ಆಗದು. ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕಿದವರು ಮಾಲೆ ತೆಗೆಯುವವರೆಗೆ ಗಡ್ಡ ಮುಟ್ಟಿಸುವುದಿಲ್ಲ, ಆಮೇಲೆ ಸಂಕ್ರಾಂತಿ ಕಳೆದ ವಾರ ಎಲ್ಲರೂ ಒಟ್ಟಿಗೆ ಬಂದು ಅವಸರ ಮಾಡುತ್ತಾರೆ. ಇದೆಲ್ಲ ನಿಮಗೂ ಗೊತ್ತಿರುವುದೇ. ಸಾಲ ಹುಟ್ಟುವುದು ಕೆಲಸ ಇಲ್ಲದ್ದರಿಂದಲ್ಲ, ಕೆಲಸ ಹೀಗೆ ಗುಡ್ಡೆಗುಡ್ಡೆಯಾಗಿ ಬರುವುದರಿಂದ ಎಂಬುದು ನನ್ನ ಅಭಿಪ್ರಾಯ.

ಚೀಟಿಯ ಯೋಚನೆ ಹೊಳೆದದ್ದು 2020ರಲ್ಲಿ. ಮಾರ್ಚ್ ಕೊನೆಯಲ್ಲಿ ಮುಚ್ಚಿದ ಅಂಗಡಿಯನ್ನು ಮೇ ಮೂರನೇ ವಾರ ತೆರೆದೆವು. ಸರ್ಕಾರ ಕ್ಷೌರಿಕರಿಗೆ 5,000 ರೂಪಾಯಿ ಘೋಷಿಸಿತು, ಅದು ಬಾಡಿಗೆಗೂ ಸಾಲಲಿಲ್ಲ. ಆಗ ತೋಟದ ಮನೆಯ ಇಬ್ಬರು ಹಿರಿಯ ಗಿರಾಕಿಗಳು, ‘ಹೇಗೂ ನಿನ್ನ ಹತ್ತಿರವೇ ಬರಬೇಕಲ್ಲ, ವರ್ಷದ್ದು ಈಗಲೇ ಇಟ್ಟುಕೋ’ ಎಂದು ಎರಡೆರಡು ಸಾವಿರ ಕೊಟ್ಟರು. ಅವರಿಗೆ ಅದು ಕನಿಕರ. ನನಗೆ ಅದರಲ್ಲಿ ವ್ಯಾಪಾರ ಕಂಡಿತು.

ಸಭೆಯಲ್ಲಿ ಇದನ್ನು ಹೇಳಿದಾಗ ಬಂದ ಮೊದಲ ಮಾತೇ, ‘ಇದು ಆಯ ಅಲ್ಲವೇ? ಅಜ್ಜಂದಿರು ಬಿಡಿಸಿಕೊಂಡ ಸಂಕೋಲೆಯನ್ನು ನೀನು ಮತ್ತೆ ತೊಡಿಸುತ್ತೀಯಾ?’ ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಕಾಳು ಪಡೆಯುವ ಹಳೆಯ ಪದ್ಧತಿಯೇ ಆಯ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಜ್ಜ ಕತ್ತಿ, ಕತ್ತರಿಯ ಚೀಲವಾದ ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಕೊಟ್ಟಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಕ್ಷೌರ ಮಾಡಿದವರು. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ಮೊರದಲ್ಲಿ ರಾಗಿ ಬೀಳುತ್ತಿತ್ತು. ಎಷ್ಟು ಮೊರ ಎಂಬುದನ್ನು ಗೌಡರು ತೀರ್ಮಾನಿಸುತ್ತಿದ್ದರು. ಯಾರ ತಲೆ ಮುಟ್ಟಬೇಕು, ಯಾರದ್ದನ್ನು ಮುಟ್ಟಬಾರದು ಎಂಬುದನ್ನೂ ಅವರೇ ತೀರ್ಮಾನಿಸುತ್ತಿದ್ದರು. ಆ ಆಯ ಹೋದದ್ದು ಒಳ್ಳೆಯದೇ ಆಯಿತು. ಆದರೆ ವರ್ಷಕ್ಕೊಮ್ಮೆ ಪಡೆಯುವ ಲೆಕ್ಕದಲ್ಲಿ ದೋಷವಿರಲಿಲ್ಲ, ಅಳೆಯುವ ಮೊರ ಅವರ ಕೈಯಲ್ಲಿತ್ತು, ಅಷ್ಟೇ. ದರ ನನ್ನದು, ಅಂಗಡಿ ನನ್ನದು, ರಸೀದಿ ನನ್ನದು, ಬೇಡವೆಂದರೆ ಉಳಿದ ಹಣ ವಾಪಸ್. ಇಷ್ಟು ಹೇಳಿ ಕುಳಿತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೊದಲು ಮಾಡಿ ನೋಡಿದ್ದು ತಿಂಗಳ ಚೀಟಿ. ತಿಂಗಳಿಗೆ 250 ಕೊಟ್ಟರೆ ಒಬ್ಬರಿಗೆ ಎಷ್ಟು ಬೇಕಾದರೂ ಕಟಿಂಗ್, ಶೇವಿಂಗ್. ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆ ಮೂರು ಸಲ ಬಂದು ಕೆನ್ನೆ ಒಡ್ಡತೊಡಗಿದರು. ಎರಡು ಪತ್ರಿಕೆ ಓದಿ, ಚಹಾ ಕುಡಿದು, ಮೀಸೆಯ ತುದಿಯಲ್ಲಿ ಒಂದು ಕೂದಲು ಹೆಚ್ಚಿದೆ ಎಂದು ಮರುದಿನ ಮತ್ತೆ ಬರುತ್ತಿದ್ದರು. ಅರ್ಧ ಬ್ಲೇಡಿಗೆ ಎರಡು ರೂಪಾಯಿಯೂ ಆಗದು ನಿಜ, ಆದರೆ ಹುಡುಗನ ಇಪ್ಪತ್ತು ನಿಮಿಷಕ್ಕೆ ಬೆಲೆಯಿದೆ. ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿದೆ. ಮೇಷ್ಟ್ರು ಇವತ್ತಿಗೂ ಅದನ್ನು ನೆನಪಿಸಿ ನಿಟ್ಟುಸಿರು ಬಿಡುತ್ತಾರೆ.

ಈಗಿನದು ಮನೆ ಚೀಟಿ. ಒಂದು ಮನೆಗೆ ವರ್ಷಕ್ಕೆ 3,000. ಇಬ್ಬರು ದೊಡ್ಡವರು, ಒಬ್ಬ ಹುಡುಗ. ತಿಂಗಳಿಗೆ ತಲೆಗೊಂದು ಕಟಿಂಗ್, ಮನೆಗೆ ಎರಡು ಶೇವಿಂಗ್. ಪೂರ್ತಿ ಬಳಸಿದರೆ 4,440 ರೂಪಾಯಿಯ ಕೆಲಸ. ಆದರೆ ಪೂರ್ತಿ ಬಳಸುವ ಮನೆಯನ್ನು ನಾನು ಕಂಡಿಲ್ಲ. ಮದುವೆಯೂಟದ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಯಾರೂ ತಿನ್ನುವುದಿಲ್ಲವಲ್ಲ, ಇದೂ ಹಾಗೆಯೇ. ದೊಡ್ಡವರು ವರ್ಷಕ್ಕೆ ಒಂಬತ್ತು ಸಲ, ಹುಡುಗರು ಎಂಟು ಸಲ, ಶೇವಿಂಗ್ ಹದಿನಾಲ್ಕರ ಆಸುಪಾಸು. ಕೂಡಿಸಿದರೆ ಮೂರು ಸಾವಿರದ ಹತ್ತಿರವೇ ನಿಲ್ಲುತ್ತದೆ. ಸಾವಿರದ ನಾನೂರು ಉಳಿಯಿತೆಂಬ ಖುಷಿ ಅವರದು, ನನಗೂ ನಷ್ಟವಿಲ್ಲ.

ಇನ್ನೊಂದು ಷರತ್ತೇ ಇದರ ಜೀವಾಳ: ಭಾನುವಾರ ಮಧ್ಯಾಹ್ನ ಎರಡರವರೆಗೆ ಚೀಟಿ ನಡೆಯುವುದಿಲ್ಲ. ಇದಕ್ಕೆ ಜಗಳಗಳಾದವು. ‘ಮುಂಗಡ ಕೊಟ್ಟವನು ಹೊರಗೆ, ನಿನ್ನೆ ಮೊನ್ನೆಯವನು ಒಳಗೆಯೇ?’ ಎಂದು ಕೇಳಿದರು. ಬಗ್ಗಲಿಲ್ಲ. ತೋಟದವರಿಗೆ ಬುಧವಾರವೂ ಒಂದೇ, ಭಾನುವಾರವೂ ಒಂದೇ. ರಜೆಯ ದಿನವೇ ಬರಬೇಕಾದವರು ಕಚೇರಿಯವರು, ಶಾಲೆಯ ಮಕ್ಕಳು. ಚೀಟಿಯವರು ವಾರದ ನಡುವೆ ಬರತೊಡಗಿದ ಮೇಲೆ ಭಾನುವಾರದ ನಗದು ಗಿರಾಕಿಗಳನ್ನು ಎದುರು ಬೀದಿಯ ಅಂಗಡಿಗೆ ಬಿಟ್ಟುಕೊಡುವುದು ತಪ್ಪಿತು. ಬರೀ ಅದರಿಂದಲೇ ತಿಂಗಳಿಗೆ ನಾಲ್ಕೈದು ಸಾವಿರ ಹೆಚ್ಚು ಬರುತ್ತಿದೆ ಎಂದು ನನ್ನ ಅಂದಾಜು.

ಹುಡುಗರ ವಿಷಯ ಇನ್ನೂ ಕಷ್ಟದ್ದು. ನಮ್ಮಲ್ಲಿ ಕೆಲಸಗಾರರಿಗೆ ಸಂಬಳವಿಲ್ಲ, ಪಾಲು. ಚೀಟಿಯ ಗಿರಾಕಿ ಕುಳಿತರೆ ಗಲ್ಲಾಪೆಟ್ಟಿಗೆಗೆ ಹಣ ಬೀಳುವುದಿಲ್ಲ, ಪಾಲು ಎಲ್ಲಿಂದ? ಅವರಲ್ಲಿ ಹಿರಿಯವನು ಚೀಟಿಯವರನ್ನು ಕಂಡ ಕೂಡಲೇ ಮೊಬೈಲ್ ಹಿಡಿದು ಹೊರಗೆ ಹೋಗುತ್ತಿದ್ದ. ಕಿರಿಯವನು ಆರು ನಿಮಿಷದಲ್ಲಿ ಮೆಷಿನ್ ಓಡಿಸಿ ಬಟ್ಟೆ ಕೊಡವುತ್ತಿದ್ದ. ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ಆಗ ಕನ್ನಡಿಯ ಕೆಳಗೆ ಬೀಗದ ಡಬ್ಬಿಯೊಂದನ್ನು ಇಟ್ಟೆ. ಚೀಟಿಯ ಪ್ರತಿ ಕೆಲಸಕ್ಕೂ ಗಿರಾಕಿ ತಾನೇ ಚೀಟಿಯಿಂದ ಹರಿದ ಒಂದು ತುಂಡನ್ನು ಕೆಲಸ ಮಾಡಿದವನ ಹೆಸರಿನ ಖಾನೆಗೆ ಹಾಕಬೇಕು. ಶನಿವಾರ ರಾತ್ರಿ ಎಣಿಸಿ ಕಟಿಂಗ್‌ಗೆ 45, ಶೇವಿಂಗ್‌ಗೆ 22ರಂತೆ ಕೈಗೆ ಕೊಡುತ್ತೇನೆ. ಗಿರಾಕಿಗೆ ಕೆಲಸ ಹಿಡಿಸದಿದ್ದರೆ ತುಂಡನ್ನು ನನ್ನ ಖಾನೆಗೆ ಹಾಕಬಹುದು. ಈ ಕೊನೆಯ ಮಾತನ್ನು ನಾನು ಗೋಡೆಯ ಮೇಲೆ ಬರೆದಿಲ್ಲ. ಹುಡುಗರಿಗೆ ಗೊತ್ತಿದೆ, ಅಷ್ಟು ಸಾಕು.

ಹಣವನ್ನು ಮುಟ್ಟದಿರುವುದೇ ದೊಡ್ಡ ಕೆಲಸ. ಪಕ್ಕದ ತಾಲ್ಲೂಕಿನ ನಮ್ಮವರೊಬ್ಬರು ಇದನ್ನೇ ನಕಲು ಮಾಡಿ, ಬಂದ ಲಕ್ಷ ಚಿಲ್ಲರೆಯನ್ನು ಎಸಿ, ಬಣ್ಣದ ದೀಪ, ಗೋಡೆಯುದ್ದದ ಕನ್ನಡಿಗೆ ಸುರಿದರು. ದೀಪಾವಳಿಯ ಹೊತ್ತಿಗೆ ಹುಡುಗರಿಗೆ ಪಾಲು ಕೊಡಲು ಕಾಸಿಲ್ಲ, ಕುರ್ಚಿಯಲ್ಲಿ ಮಾತ್ರ ಹಣ ಕೊಟ್ಟಾಗಿರುವ ತಲೆಗಳು. ನಾನು ಬೇರೆ ಖಾತೆ ತೆರೆದು, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ತೆಗೆಯುತ್ತೇನೆ. ಈಗ ಸುಮಾರು 140 ಮನೆಗಳಿವೆ, ಅಂದರೆ ತಿಂಗಳಿಗೆ 35 ಸಾವಿರ ಖಾತ್ರಿ. ಅಯ್ಯಪ್ಪನ ಕಾಲದಲ್ಲಿ ಶೇವಿಂಗ್ ಬಿದ್ದುಹೋದರೂ ಈ 35 ಸಾವಿರ ಬೀಳುವುದಿಲ್ಲ. ಕುರ್ಚಿ ಕೊಳ್ಳಲು ಚೀಟಿ ಹಣ ಮುಟ್ಟದೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ ಸಾಲ ತೆಗೆದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಒಂದು. ಮೊದಲ ಕಂತು ಒಂದು ಲಕ್ಷ, ಶೇ 5ರ ಬಡ್ಡಿ, 18 ತಿಂಗಳಲ್ಲಿ ತೀರಿಸಬೇಕು. ತರಬೇತಿಗೆ ದಿನಕ್ಕೆ 500 ಕೊಡುತ್ತಾರೆ. ನಲವತ್ತು ವರ್ಷ ಕತ್ತರಿ ಹಿಡಿದವರೂ ಅಲ್ಲಿ ಬೆಂಚಿನ ಮೇಲೆ ಕುಳಿತು ಬಾಚಣಿಗೆ ಹಿಡಿಯುವುದನ್ನು ಕಲಿತೆವು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಎಂಬುದನ್ನು ಮರೆಯದೆ, ಮನೆಯವರು ಮೊದಲೇ ಮಾತಾಡಿಕೊಂಡು ಅರ್ಜಿ ಹಾಕಿ.

ಚೀಟಿ ಮಾರಲು ನಾನು ಒಂದು ಕರಪತ್ರವನ್ನೂ ಹಂಚಲಿಲ್ಲ, ಮಾರಿದ್ದು ಹೊರಗಿನ ಬೆಂಚು. ಮೊದಲು ಟಿವಿ ತೆಗೆದೆ. ಟಿವಿ ಇದ್ದಾಗ ಹತ್ತು ಜನ ಒಂದೇ ಗೋಡೆ ನೋಡುತ್ತ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅದರ ಜಾಗದಲ್ಲಿ ಕರಿಹಲಗೆ ಬಂತು. ಹರಾಜಿನ ದಿನ ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ದರ ಮೇಲುಗಡೆ. ಅದರ ಕೆಳಗೆ ಕಾಯಿ ಕೀಳುವವರ ಮೊಬೈಲ್ ಸಂಖ್ಯೆಗಳು, ಬಾಡಿಗೆ ಮನೆ, ತಪ್ಪಿಸಿಕೊಂಡ ಕರು, ರಕ್ತ ಬೇಕಾದವರ ಗುಂಪು. ಕಾಯಿ ಕೀಳುವವರು ಸಿಗುವುದು ಎಷ್ಟು ಕಷ್ಟ ಎಂಬುದು ತೆಂಗಿನ ಸೀಮೆಯವರಿಗೆ ಗೊತ್ತು. ಆ ಸಂಖ್ಯೆಗಾಗಿ ಬಂದವರು ಕುಳಿತರು, ಕುಳಿತವರು ತಲೆ ಕೊಟ್ಟರು. ತೂತುಕುಡಿಯ ಪೊನ್ ಮಾರಿಯಪ್ಪನ್ ತಮ್ಮ ಸಲೂನಿನಲ್ಲಿ ಗ್ರಂಥಾಲಯ ಇಟ್ಟು, ಓದಿದವರಿಗೆ ರಿಯಾಯಿತಿ ಕೊಡುವುದನ್ನು 2020ರಲ್ಲಿ ಪ್ರಧಾನಿಯವರೂ ‘ಮನ್ ಕೀ ಬಾತ್’ನಲ್ಲಿ ಹೇಳಿದ್ದರು. ನಾನೂ ಒಂದು ಕಪಾಟು ಪುಸ್ತಕ ಇಟ್ಟೆ. ನಮ್ಮೂರಲ್ಲಿ ಓದಿದ್ದು ಪಂಚಾಂಗ ಒಂದನ್ನೇ. ಊರಿಗೆ ಏನು ಬೇಕೋ ಅದನ್ನು ಇಡಬೇಕು, ನಮ್ಮೂರಿಗೆ ಕೊಬ್ಬರಿ ದರ ಬೇಕಿತ್ತು.

ರಕ್ತದೊತ್ತಡ ಅಳೆಯುವ ಯಂತ್ರವನ್ನೂ ಇಟ್ಟು ನೋಡಿದೆ. ಸುಮಾರು ಎರಡು ಸಾವಿರ ಆಯಿತು. ನರ್ಸ್ ಆಗಿರುವ ಅಕ್ಕನ ಮಗಳು ಇದನ್ನು ತಲೆಗೆ ಹಾಕಿದ್ದಳು. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಕಪ್ಪು ಜನರ 52 ಕ್ಷೌರದಂಗಡಿಗಳಲ್ಲಿ ಹೀಗೆ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿತ್ತಂತೆ. ಆರು ತಿಂಗಳಲ್ಲಿ ಒತ್ತಡದ ಮೇಲಿನ ಅಂಕೆ ಸರಾಸರಿ 27ರಷ್ಟು ಇಳಿದಿತ್ತು. ನನ್ನಲ್ಲಿ ಏನೂ ಇಳಿಯಲಿಲ್ಲ. 160 ಬಂದವರು ಮುಂದಿನ ತಿಂಗಳೂ 160. ಕಾರಣ ಆಮೇಲೆ ತಿಳಿಯಿತು: ಅಲ್ಲಿ ಔಷಧ ತಜ್ಞರೇ ಅಂಗಡಿಗೆ ಬಂದು ಮಾತ್ರೆ ಬರೆದು ಕೊಡುತ್ತಿದ್ದರು. ಕ್ಷೌರಿಕ ಬುದ್ಧಿಮಾತು ಹೇಳಿ ವೈದ್ಯರ ಬಳಿ ಕಳಿಸಿದ ಅಂಗಡಿಗಳಲ್ಲಿ ಇಳಿದದ್ದು 9ರ ಆಸುಪಾಸು ಮಾತ್ರ. ಯಂತ್ರ ಈಗಲೂ ಇದೆ. ಕತ್ತಿ ಕೊರಳ ಮೇಲಿರುವಾಗ ಅಳೆಯಬೇಡಿ ಎಂಬುದೊಂದೇ ನನ್ನ ಸಲಹೆ.

ಕತ್ತರಿಸಿದ ಕೂದಲನ್ನು ಹಂದಿ ಕಾಟ ಇರುವ ರೈತರು ಗೋಣಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಹೊಲದ ಬದುವಿಗೆ ಚೆಲ್ಲಿದರೆ ಮೂಸಲು ಬಂದ ಕಾಡುಹಂದಿ ಮೂಗಿಗೆ ಕೂದಲು ಹತ್ತಿ ಹಿಂದಕ್ಕೆ ಓಡುತ್ತದೆ ಎನ್ನುತ್ತಾರೆ. ಒಂದು ಜೋರು ಮಳೆ ಬಿದ್ದರೆ ಕೂದಲು ಮಣ್ಣಿಗೆ ಅಂಟಿ ಮತ್ತೆ ಚೆಲ್ಲಬೇಕಂತೆ. ಗೋಣಿಗೆ ಐವತ್ತು ಕೇಳಿ ನೋಡಿದೆ, ಯಾರೂ ಕೊಡಲಿಲ್ಲ. ಎಳನೀರು ಮಾತ್ರ ಬರುತ್ತದೆ.

ಒಬ್ಬರ ಚೀಟಿಯನ್ನು ನಾನೇ ರದ್ದು ಮಾಡಿದ್ದೇನೆ. ದೊಡ್ಡ ಜಮೀನುದಾರರು, ಮೂರು ಮನೆಯ ಹಣವನ್ನು ಒಟ್ಟಿಗೆ ಕೊಟ್ಟಿದ್ದರು. ಒಂದು ಸಂಜೆ ಬಂದವರು, ತಮಗೆ ಬೇರೆ ಬಟ್ಟೆ, ಬೇರೆ ಕುರ್ಚಿ ಇಡಬೇಕೆಂದರು. ಅವರ ಕಣ್ಣು ಕಾಲೊನಿಯಿಂದ ಬಂದು ಕುಳಿತಿದ್ದ ಹುಡುಗನ ಮೇಲಿತ್ತು. ಉಳಿದ ತಿಂಗಳುಗಳ ಲೆಕ್ಕ ಹಾಕಿ ಐದು ಸಾವಿರ ಚಿಲ್ಲರೆಯನ್ನು ಅಲ್ಲೇ ಫೋನಿನಲ್ಲಿ ವಾಪಸ್ ಕಳಿಸಿದೆ. ಅವರ ಜೊತೆ ಇನ್ನೂ ನಾಲ್ಕೈದು ಮನೆ ಹೋದವು, ವರ್ಷದೊಳಗೆ ಎರಡು ತಿರುಗಿ ಬಂದವು. ಸಂಕೋಲೆಯ ಮಾತಾಡಿದ್ದ ಸಂಘದ ಹಿರಿಯರಿಗೆ ಈ ಸುದ್ದಿ ಹೇಗೋ ಮುಟ್ಟಿತು. ಅವರು ಚೀಟಿ ಪುಸ್ತಕ ನೋಡಲು ಬಂದದ್ದು ಅದಾದ ಮೇಲೆಯೇ.

ಹಣ ಕೇಳುವ ಕಾಲವನ್ನು ಮಾತ್ರ ಕ್ಯಾಲೆಂಡರ್ ನೋಡಿ ಇಡಬೇಡಿ. ನಮ್ಮಲ್ಲಿ ಕಾಯಿ ಅಟ್ಟ ಸೇರಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತದೆ. ಸುಲಿದು ಮಾರಿದ ವಾರ ರೈತನ ಜೇಬು ತುಂಬಿರುತ್ತದೆ. ಯಾವ ಮನೆಯ ಅಟ್ಟ ಯಾವಾಗ ಇಳಿಯುತ್ತದೆ ಎಂಬುದು ಬೆಂಚಿನ ಮಾತಿನಲ್ಲೇ ಸಿಗುತ್ತದೆ. 2023ರಲ್ಲಿ ದರ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಕುಸಿದಾಗ ಮೂರರಲ್ಲಿ ಒಂದು ಪಾಲು ಮನೆಗಳು ಚೀಟಿ ಮುಂದುವರಿಸಲಿಲ್ಲ. ಎರಡು ಕಂತು ಮಾಡಿಕೊಟ್ಟೆ, ಆದರೂ ಆ ವರ್ಷ ಕೈಯಿಂದ ಹಾಕಿದೆ. 2025ರಲ್ಲಿ 25 ಸಾವಿರ ದಾಟಿದಾಗ ಬೆಂಗಳೂರಿನಲ್ಲಿರುವ ಮಗನ ಹೆಸರಿಗೂ ಚೀಟಿ ಬರೆಸಿದವರಿದ್ದಾರೆ. ಆ ಮಗ ಯುಗಾದಿಗೆ ಒಮ್ಮೆ, ಗೌರಿ ಹಬ್ಬಕ್ಕೆ ಒಮ್ಮೆ ಬಂದು ಕೂರುತ್ತಾನೆ.

ಹಳೆಯ ಗಿರಾಕಿ ಚೀಟಿ ಬಿಟ್ಟರೆ ಕರೆತರುವುದು ಹೇಗೆ, ಶೇವಿಂಗ್ ಆದ ಮೇಲೆ ನಾನು ಹಚ್ಚುವ ನೀರಿನಲ್ಲಿ ಪಟಿಕದ ಜೊತೆ ಇನ್ನೇನಿದೆ, ಇವೆರಡನ್ನು ಕೇಳಬೇಡಿ. ಮಕ್ಕಳು ಇದ್ದಾರೆ, ನನ್ನ ಹತ್ತಿರವೂ ಏನಾದರೂ ಉಳಿದಿರಲಿ.

ಮುಂದಿನ ವರ್ಷ ದರವನ್ನು 3,300 ಮಾಡುತ್ತಿದ್ದೇನೆ. ಹಲಗೆಯಲ್ಲಿ ಬರೆದ ದಿನವೇ ಮೇಷ್ಟ್ರು ಬಂದು, ತಮಗೆ ಕೂದಲೇ ಇಲ್ಲವಾದ್ದರಿಂದ ಕಟಿಂಗ್‌ಗಳನ್ನೆಲ್ಲ ಶೇವಿಂಗ್‌ಗೆ ಬದಲಿಸಿಕೊಡಬೇಕೆಂದು ಅರ್ಜಿ ಬರೆದು ಕೊಟ್ಟಿದ್ದಾರೆ. ಒಂದಕ್ಕೆ ಒಂದರಂತೆ ಎಂದು ನಾನು, ಒಂದಕ್ಕೆ ಎರಡರಂತೆ ಎಂದು ಅವರು. ಇನ್ನೂ ತೀರ್ಮಾನವಾಗಿಲ್ಲ.